ಎಲ್‌ಕೆಜಿ ಅಂದ್ರೆ ತೋಟ, ಅಂಗನವಾಡಿ ಅಂದ್ರೆ ಅಂಗಳ

ಇವತ್ತು ಬೆಳೆ, ರೋಗ, ರೇಟು ಯಾವುದೂ ಬೇಡ. ದಿನಾ ಬೆಳಿಗ್ಗೆ ನಮ್ಮೂರ ಮಕ್ಕಳನ್ನ ತುಂಬಿಕೊಂಡು ಹೋಗೋ ವ್ಯಾನಿನ ಮೇಲೆ ಎಲ್‌ಕೆಜಿ, ಯುಕೆಜಿ ಅಂತ ಬರೆದಿರುತ್ತಲ್ಲ, ಆ 'ಕೆಜಿ' ಎಲ್ಲಿಂದ ಬಂತು ಅನ್ನೋ ಕತೆ ಹೇಳ್ತೀನಿ.

ಅದು ತೂಕದ ಕೆಜಿ ಅಲ್ಲ. ಕಿಂಡರ್‌ಗಾರ್ಟನ್ ಅನ್ನೋ ಜರ್ಮನ್ ಮಾತು. ಕಿಂಡರ್ ಅಂದ್ರೆ ಮಕ್ಕಳು, ಗಾರ್ಟನ್ ಅಂದ್ರೆ ತೋಟ. ಮಕ್ಕಳ ತೋಟ!

ಹೆಸರಿಟ್ಟವನು ಫ್ರೆಡರಿಕ್ ಫ್ರೋಬೆಲ್. 1782ರಲ್ಲಿ ಜರ್ಮನಿಯ ಥುರಿಂಜಿಯಾ ಅನ್ನೋ ಕಾಡುಸೀಮೆಯಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದ. ವರ್ಷ ತುಂಬೋದ್ರೊಳಗೆ ತಾಯಿ ತೀರಿಕೊಂಡಳು. 15ನೇ ವಯಸ್ಸಿಗೆ ಕಾಡು ನೋಡಿಕೊಳ್ಳೋ ಅಧಿಕಾರಿಯ ಹತ್ರ ಕೆಲಸ ಕಲಿಯೋಕೆ ಬಿಟ್ಟರು. ಎರಡು ವರ್ಷ ಮರ ಗಿಡಗಳ ಜೊತೇಲೇ ಕಳೆದ. ಆಮೇಲೆ ಮೇಷ್ಟ್ರಾದ. 1837ರಲ್ಲಿ ಬ್ಲಾಂಕೆನ್‌ಬರ್ಗ್ ಅನ್ನೋ ಊರಲ್ಲಿ ಸಣ್ಣ ಮಕ್ಕಳಿಗೆ ಆಟದ ಶಾಲೆ ತೆಗೆದು, 1840ರಲ್ಲಿ ಅದಕ್ಕೆ ಈ ಹೆಸರಿಟ್ಟ.

ಬರೀ ಹೆಸರಿಗೆ ತೋಟ ಅಲ್ಲ. ಅವನ ಪದ್ಧತಿಯಲ್ಲಿ ಒಂದೊಂದು ಮಗುವಿಗೂ ಸ್ವಂತದ್ದು ಅಂತ ಒಂದು ಪುಟ್ಟ ಮಡಿ. ಸುತ್ತಲೂ ಎಲ್ಲರಿಗೂ ಸೇರಿದ ಮಡಿಗಳು. ಸ್ವಂತ ಮಡೀಲಿ ಮಗು ತನಗೆ ಇಷ್ಟ ಬಂದದ್ದು ಹಾಕಬಹುದು. ಸುತ್ತಿನದ್ದನ್ನ ಎಲ್ಲರೂ ಸೇರಿ ನೋಡಿಕೊಳ್ಳಬೇಕು. ನಮಗೆ ಇದು ಬೇಗ ಅರ್ಥ ಆಗುತ್ತೆ: ನನ್ನ ಹೊಲ ನನ್ನದು, ಊರ ಕೆರೆ ಎಲ್ಲರದ್ದು.

1851ರಲ್ಲಿ ಪ್ರಷ್ಯಾ ಸರ್ಕಾರ ಈ ಶಾಲೆಗಳನ್ನ ನಿಷೇಧ ಮಾಡ್ತು. ಮಕ್ಕಳಿಗೆ ನಾಸ್ತಿಕತೆ ಕಲಿಸ್ತಾರೆ ಅನ್ನೋ ಗುಮಾನಿ. ಮಾರನೇ ವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ ತೆಗೆದದ್ದು 1860ರಲ್ಲಿ. ಅಷ್ಟರಲ್ಲಿ ಅವನ ಹತ್ರ ಕಲಿತ ಹೆಣ್ಣುಮಕ್ಕಳು ಇಂಗ್ಲೆಂಡು, ಅಮೆರಿಕಾಕ್ಕೆ ಈ ಬೀಜ ಒಯ್ದು ಬಿತ್ತಿದ್ದರು.

ಇನ್ನೊಂದು ಮಾತು ನಮ್ಮ ದೇಶದ್ದೇ: ಅಂಗನವಾಡಿ. ಇದರ ಹಿಂದೆ ಇರೋರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. 1945ರಲ್ಲಿ ಮುಂಬಯಿಯಿಂದ ಉತ್ತರಕ್ಕೆ, ಸಮುದ್ರದ ದಂಡೆಯ ಬೋರ್ಡಿ ಅನ್ನೋ ಹಳ್ಳೀಲಿ ಬಾಲವಾಡಿ ಕೆಲಸ ಶುರು ಮಾಡಿದರು. ಬಡವರ ಕೇರಿಯ ಮಕ್ಕಳು ಬರಲಿಲ್ಲ. ಬರದಿದ್ರೆ ಏನಂತೆ, ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಪೇಟೆಯ ಆಟದ ಸಾಮಾನಿನ ಬದಲು ಎಲೆ, ಬೀಜ, ಕಲ್ಲು, ಚಿಪ್ಪು. ಅಂಗಳದಲ್ಲಿ ನಡೆದದ್ದಕ್ಕೇ ಅಂಗನವಾಡಿ. 1957ರಲ್ಲಿ ಕೋಸಬಾಡ್ ಗುಡ್ಡಕ್ಕೆ ಹೋದ ಮೇಲೆ, ದನ ಕಾಯೋ ಆದಿವಾಸಿ ಮಕ್ಕಳಿಗೆ ಹುಲ್ಲುಗಾವಲಲ್ಲೇ ಶಾಲೆ ನಡೆಸಿದರು. ನಮ್ಮ ಮಾತಲ್ಲಿ ಗೋಮಾಳದ ಶಾಲೆ!

ಸರ್ಕಾರದ ಯೋಜನೆಯಾಗಿ ಅಂಗನವಾಡಿ ಬಂದದ್ದು 1975ರ ಅಕ್ಟೋಬರ್ 2ಕ್ಕೆ. ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ.

ಈಗ ನೋಡಿ. ಒಂದರ ಹೆಸರು ತೋಟ, ಇನ್ನೊಂದರದ್ದು ಅಂಗಳ. ಎರಡೂ ಬಯಲಿನ ಹೆಸರು. ಇವತ್ತು ಎಷ್ಟೋ ಕಡೆ ಎರಡೂ ನಾಲ್ಕು ಗೋಡೆಯೊಳಗೆ ಸೇರಿಕೊಂಡಿವೆ. ಮಗು ಮನೆಗೆ ಬಂದರೆ ಕೈಗೆ ಮೊಬೈಲು. ಹುಡುಗರು ಹೊಲ ಬೇಡ ಅಂತಾರೆ ಅನ್ನೋ ಮಾತು ಊರ ಕಟ್ಟೆ ಮೇಲೆ ದಿನಾ ಕೇಳ್ತೀವಿ. ಹೊಲ ಅಂದ್ರೆ ಸಾಲ, ಬಿಸಿಲು ಅಂತಲೇ ಕೇಳಿ ಬೆಳೆದ ಮಗುವಿಗೆ ಅದು ಬೇಕು ಅನ್ನಿಸೋದು ಹೆಂಗೆ?

ಭಯಕ್ಕೂ ಕಾರಣ ಇದೆ, ಇಲ್ಲ ಅನ್ನಲ್ಲ. ಔಷಧಿ ಹೊಡೆದ ಹೊಲಕ್ಕೆ ಮಕ್ಕಳನ್ನ ಬಿಡಬಾರದು. ಟಾರ್ಪಾಲು ಹಾಸಿದ ಕೃಷಿ ಹೊಂಡ ಜಾರುತ್ತೆ, ಈಜು ಬಂದೋರೂ ಮೇಲೆ ಹತ್ತೋದು ಕಷ್ಟ. ಮೊದಲು ಹೊಂಡಕ್ಕೆ ಬೇಲಿ ಹಾಕಿ, ಆಮೇಲೆ ಮಕ್ಕಳನ್ನ ಕರ್ಕೊಂಡು ಹೋಗಿ.

ನಾನು ಕೇಳೋದು ದೊಡ್ಡದೇನಲ್ಲ. ಮನೆ ಹಿಂದೆ, ಬಚ್ಚಲ ನೀರು ಹೋಗೋ ಕಡೆ ಮೂರಡಿ ಜಾಗ ಸಾಕು. ಅದು ಮಗುವಿನ ಮಡಿ. ಮೆಂತ್ಯ ಹಾಕಿಸಿ, ವಾರದೊಳಗೆ ಮೊಳಕೆ ಕಾಣುತ್ತೆ, ಮಕ್ಕಳಿಗೆ ತಾಳ್ಮೆ ಕಡಿಮೆ. ಜೊತೆಗೆ ನಾಲ್ಕು ಅವರೆ ಕಾಳು. ವಕ್ರವಾಗಿ ಬಿತ್ತಿದ್ರೂ ತಿದ್ದೋಕೆ ಹೋಗಬೇಡಿ. ಮೊಳಕೆ ಬಂತಾ ಅಂತ ಅಗೆದು ನೋಡಿದ್ರೂ ಬೈಬೇಡಿ. ಒಣಗಿದ್ರೆ ಯಾಕೆ ಒಣಗಿತು ಅಂತ ಅವರೇ ಕೇಳಲಿ.

ನಿಮ್ಮನೆ ಮಕ್ಕಳ ಮಡೀಲಿ ಏನು ಮೊಳೀತು ಅಂತ ಸಂತೇಲಿ ಸಿಕ್ಕಾಗ ಹೇಳಿ.