ಗೋಡೆ ಮೇಲಿನ ಪುಸ್ತಕಗಳು

ತಿಕೋಟಾ, ಬಬಲೇಶ್ವರದಿಂದ ಬಸ್ ಹತ್ತಿ ಬಂದವರಿರಲಿ, ಬೆಂಗಳೂರಿನಿಂದ ರಾತ್ರಿ ರೈಲಿಗೆ ಬಂದವರಿರಲಿ, ವಿಜಯಪುರದಲ್ಲಿ ಎಲ್ಲರೂ ಮೊದಲು ಹೋಗೋದು ಗೋಳಗುಮ್ಮಟಕ್ಕೇ. ಅಲ್ಲಿ ಕೂಗಿ, ಪ್ರತಿಧ್ವನಿ ಕೇಳಿಸಿಕೊಂಡ ಮೇಲೆ ಅರ್ಧ ತಾಸು ಉಳಿಸಿಕೊಂಡು ಜಾಮಿಯಾ ಮಸೀದಿಗೂ ಹೋಗಿ ಬನ್ನಿ.

1565ರ ತಾಳಿಕೋಟೆ ಯುದ್ಧದ ನಂತರ ಒಂದನೇ ಅಲಿ ಆದಿಲ್ ಶಾಹ್ ಕಟ್ಟಿಸಲು ಶುರುಮಾಡಿದ ಮಸೀದಿ ಇದು. ಒಳಗೆ ಸಾಲುಸಾಲು ಕಮಾನುಗಳು, ಆಡಂಬರ ಕಡಿಮೆ. ಪಶ್ಚಿಮ ಗೋಡೆಯಲ್ಲಿ, ನಮಾಜಿನ ದಿಕ್ಕು ತೋರಿಸುವ ಮಿಹ್ರಾಬ್ ಮಾತ್ರ ಬೇರೆಯೇ ಲೋಕ. 1636ರಲ್ಲಿ, ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಅದಕ್ಕೆ ಬಂಗಾರ, ಬಣ್ಣ ಹಚ್ಚಿಸಿದರು. ಬರಹ, ಮಿನಾರು, ಹೂದಾನಿ ಇರೋದು ಸಹಜ. ಆದರೆ ಅವುಗಳ ನಡುವೆ ಚಿತ್ರದ ಗೂಡುಗಳಿವೆ, ಗೂಡುಗಳಲ್ಲಿ ಪುಸ್ತಕಗಳಿವೆ!

ಪ್ರಾರ್ಥನೆಯ ಜಾಗದಲ್ಲಿ ಪುಸ್ತಕದ ಕಪಾಟು ಯಾಕೆ ಬರೆದರೋ, ಗೋಡೆ ಹೇಳೋದಿಲ್ಲ. ಈ ಊರಿಗೆ ಪುಸ್ತಕದ ಹುಚ್ಚಿತ್ತು ಅನ್ನೋದಂತೂ ನಿಜ. ಮಸೀದಿ ಶುರುಮಾಡಿದ ಅದೇ ಅಲಿಯ ಆಸ್ಥಾನದಲ್ಲಿ 1570ರಲ್ಲಿ ‘ನುಜೂಮ್ ಅಲ್-ಉಲೂಮ್’ ಎಂಬ ಪರ್ಷಿಯನ್ ಗ್ರಂಥ ಸಿದ್ಧವಾಯಿತು. ಹೆಸರಿನ ಅರ್ಥ ‘ವಿದ್ಯೆಗಳ ನಕ್ಷತ್ರಗಳು’. ಗ್ರಹ, ರಾಶಿ, ಆಯುಧ, ಆನೆ, ಕುದುರೆ ಎಲ್ಲದರ ಬಗ್ಗೆಯೂ ಅದರಲ್ಲಿ ಮಾಹಿತಿ ಇದೆ, ಜೊತೆಗೆ ನೂರಾರು ಬಣ್ಣದ ಚಿತ್ರಗಳು. ಖಗೋಳ ವಿಜ್ಞಾನ ಮತ್ತು ಜ್ಯೋತಿಷ್ಯ ಇನ್ನೂ ಬೇರೆಯಾಗಿರದ ಕಾಲ ಅದು. ಇಸ್ಲಾಮಿ ಲೋಕದ ಲೆಕ್ಕ, ಭಾರತದ ಲೆಕ್ಕ ಎರಡೂ ಒಂದೇ ಪುಸ್ತಕದಲ್ಲಿ ಕೂತಿವೆ. ಅಲಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರೂ ಶೇಷ ಮನೆತನದ ಸಂಸ್ಕೃತ ವಿದ್ವಾಂಸ ವಾಮನ ಪಂಡಿತರು.

ಆ ಪುಸ್ತಕಗಳೆಲ್ಲ ಈಗ ಎಲ್ಲಿವೆ? 1686ರಲ್ಲಿ ಔರಂಗಜೇಬ್ ಊರು ಗೆದ್ದ. ಅಷ್ಟಾದರೂ ಆಸಾರ್ ಮಹಲಿನಲ್ಲಿ ನೂರಾರು ಹಸ್ತಪ್ರತಿಗಳು ಉಳಿದಿದ್ದವು. 1853ರಲ್ಲಿ ಅವೂ ಲಂಡನ್ನಿಗೆ, ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯಕ್ಕೆ ಹೋದವು. ಇವತ್ತು ಅವು ಬ್ರಿಟಿಷ್ ಲೈಬ್ರರಿಯ ಸ್ವತ್ತು. ‘ನುಜೂಮ್’ ಇರೋದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹಾಲಯದಲ್ಲಿ.

ಅಸಲಿ ಪುಸ್ತಕಗಳು ಸಮುದ್ರ ದಾಟಿದವು, ಚಿತ್ರದ ಪುಸ್ತಕಗಳು ಊರಲ್ಲೇ ಉಳಿದವು. ನಮ್ಮ ಮಕ್ಕಳಿಗೆ ವಿಜಯಪುರ ಅಂದ್ರೆ ಏಳು ಸಲ ಕೇಳೋ ಪ್ರತಿಧ್ವನಿ, ಇಲ್ಲಾಂದ್ರೆ ಯುದ್ಧದ ಇಸವಿ. ಇಲ್ಲಿ ನಕ್ಷತ್ರದ ಲೆಕ್ಕ ಹಾಕಿದವರಿದ್ರು, ಅದನ್ನು ಚಿತ್ರ ಬಿಡಿಸಿ ವಿವರಿಸಿದವರಿದ್ರು ಅಂತ ಯಾರೂ ಹೇಳೋದಿಲ್ಲ. ಮುಂದಿನ ಸಲ ಮಕ್ಕಳ ಜೊತೆ ಹೋದಾಗ ಮಿಹ್ರಾಬಿನ ಆ ಗೂಡುಗಳನ್ನು ತೋರಿಸಿ. ‘ಆ ಪುಸ್ತಕದಲ್ಲಿ ಏನಿದೆ?’ ಅಂತ ಅವರು ಕೇಳೇ ಕೇಳ್ತಾರೆ. ಡಬ್ಲಿನ್ ಕಥೆ ಆಗ ಹೇಳಬಹುದು.