ಕೋಲಾರದ ಶಿಲೆ ಮತ್ತು ವಿಮಾನದ ಲೇಸರ್: ತೈಲಶೋಧದ ಮಿತಿ ಕುರಿತು ಒಂದು ಟಿಪ್ಪಣಿ

ವಿಮಾನದಿಂದ ಲೇಸರ್ ಹಾಯಿಸಿ ತೈಲ, ಅನಿಲ ನಿಕ್ಷೇಪಗಳ ಸುಳಿವು ಹಿಡಿಯುವ ವಿಧಾನಕ್ಕೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕೆಲಸವಿದೆಯೇ ಎಂಬುದು ಇಲ್ಲಿನ ಪ್ರಶ್ನೆ.

ಲೇಸರ್ ಕಿರಣ ಭೂಮಿಯೊಳಕ್ಕೆ ಇಳಿಯುವುದಿಲ್ಲ. ನಿಕ್ಷೇಪದಿಂದ ಜಿನುಗಿ ಮೇಲಕ್ಕೆ ಬಂದದ್ದಷ್ಟೇ ಅದಕ್ಕೆ ಕಾಣುತ್ತದೆ. ಇದಕ್ಕೆ ಎರಡು ಮಾರ್ಗಗಳಿವೆ. ನೇರಳಾತೀತ ಲೇಸರ್ ತಾಗಿದರೆ ತೈಲ ಪ್ರತಿದೀಪ್ತಿ ಸೂಸುತ್ತದೆ. ಕಡಲ ಮೇಲಿನ ತೆಳುವಾದ ಎಣ್ಣೆಪೊರೆಯನ್ನೂ ಹೀಗೆ ಗುರುತಿಸಬಹುದು. ಬ್ರಿಟಿಷ್ ಪೆಟ್ರೋಲಿಯಂ ಕಂಪನಿ ಇಂಥ ಉಪಕರಣವನ್ನು ಕಡಲ ತೈಲಶೋಧಕ್ಕೆ ರೂಪಿಸಿತ್ತು. ಇನ್ನೊಂದು ಮಾರ್ಗ ಮೀಥೇನ್ ಅನಿಲದ್ದು. ಅದು 1.65 ಮತ್ತು 3.3 ಮೈಕ್ರೋಮೀಟರ್ ಆಸುಪಾಸಿನ ಬೆಳಕನ್ನು ಹೀರುತ್ತದೆ. ಹೀರಲ್ಪಡುವ ಒಂದು ತರಂಗಾಂತರವನ್ನೂ ಹೀರಲ್ಪಡದ ಇನ್ನೊಂದನ್ನೂ ಜೊತೆಯಾಗಿ ಕಳಿಸಿ, ಮರಳಿದ ಬೆಳಕಿನ ವ್ಯತ್ಯಾಸದಿಂದ ಅನಿಲದ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ.

ಈ ತಾಲ್ಲೂಕುಗಳ ನೆಲ ಬಹುಪಾಲು ನೈಸ್ ಮತ್ತು ಗ್ರಾನೈಟ್. ಅಂತರಗಂಗೆ, ಆವನಿ ಬೆಟ್ಟಗಳಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ಚಿನ್ನದ ಗಣಿಗಳಿದ್ದ ಕೋಲಾರ ಶಿಸ್ಟ್ ಪಟ್ಟಿಯ ವಯಸ್ಸು ಸುಮಾರು 270 ಕೋಟಿ ವರ್ಷ. ಜೈವಿಕ ಅಂಶ ತುಂಬಿದ ಜಲಜಶಿಲೆ ಸುಮಾರು 60ರಿಂದ 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದಾಗ ತೈಲ ಹುಟ್ಟುತ್ತದೆ. ಇಲ್ಲಿನ ಶಿಲೆಗಳು 500 ಡಿಗ್ರಿಗೂ ಮೀರಿದ ಶಾಖ ಕಂಡು ರೂಪಾಂತರಗೊಂಡವು. 2001ರಲ್ಲಿ ಮುಚ್ಚುವ ಹೊತ್ತಿಗೆ ಈ ಪಟ್ಟಿಯ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಆ ಆಳದಲ್ಲೂ ಇದ್ದದ್ದು ಆಂಫಿಬೊಲೈಟ್ ಮತ್ತು ಬೆಣಚುಕಲ್ಲಿನ ಎಳೆಗಳು.

ಹಾಗೆಂದು ಇಲ್ಲಿ ಹಾರುವ ಉಪಕರಣ ಮೀಥೇನನ್ನು ತೋರಿಸುವುದೇ ಇಲ್ಲ ಎಂದಲ್ಲ. ಕೆರೆಯ ಹೂಳು, ಗದ್ದೆ, ದನಕರು, ಕಸದ ರಾಶಿ ಎಲ್ಲವೂ ಮೀಥೇನ್ ಬಿಡುತ್ತವೆ. ಶಿಲೆಯ ಸ್ವರೂಪ ಅರಿಯದೆ ಅಂಥ ಸಂಕೇತವನ್ನು ನಿಕ್ಷೇಪವೆಂದು ಓದಿದರೆ ತಪ್ಪಾಗುತ್ತದೆ. ಕರ್ನಾಟಕದ ಮಟ್ಟಿಗೆ ತೈಲದ ಪ್ರಶ್ನೆ ಕೇಳಬೇಕಾದ್ದು ಭೀಮಾ–ಕಲಾದಗಿ ಜಲಜಶಿಲಾ ಪ್ರದೇಶದಲ್ಲಿ ಮತ್ತು ಕರಾವಳಿಯಾಚೆಯ ಕೇರಳ–ಕೊಂಕಣ ಜಲಾನಯನದಲ್ಲಿ.

ಆದರೆ ನೆಲದ ಏರಿಳಿತ ಅಳೆಯುವ ಲೇಸರಿಗೆ ಕೋಲಾರದಲ್ಲಿ ತಕ್ಕ ಕೆಲಸವಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆ ಬೆಂಗಳೂರಿನ ಸಂಸ್ಕರಿತ ನೀರನ್ನು ಇಲ್ಲಿನ ಕೆರೆಗಳಿಗೆ ತರುತ್ತಿದೆ. ಆ ನೀರು ಎಷ್ಟು ನಿಲ್ಲುತ್ತದೆ ಎಂಬುದು ಕೆರೆಯ ತಳದ ಮಟ್ಟವನ್ನು ಅವಲಂಬಿಸಿದೆ. ಹತ್ತು ಹೆಕ್ಟೇರಿನ ಕೆರೆಯಲ್ಲಿ ಹತ್ತು ಸೆಂಟಿಮೀಟರ್ ಹೂಳು ತುಂಬಿದರೆ ಒಂದು ಕೋಟಿ ಲೀಟರ್ ನೀರಿನ ಜಾಗ ಹೋಯಿತೆಂದೇ ಅರ್ಥ. ಸಮೀಪ ಅವಕೆಂಪು ಲೇಸರ್ ನೀರಿನಡಿಯ ತಳವನ್ನು ಮುಟ್ಟದು. ಹಸಿರು ಲೇಸರಿಗೂ ಕಲಕಿದ ನೀರು ಅಡ್ಡಿ. ಆದ್ದರಿಂದ ಬೇಸಿಗೆಯಲ್ಲಿ ಬತ್ತುವ ಕೆರೆಗಳನ್ನು ಆಗಲೇ ಅಳೆಯಬೇಕು. ರಾಜಕಾಲುವೆ, ಏರಿ, ಕೋಡಿಗಳ ಮಟ್ಟವನ್ನೂ ಅದೇ ಹಾರಾಟದಲ್ಲಿ ದಾಖಲಿಸಬೇಕು.

ಈ ನಾಲ್ಕು ತಾಲ್ಲೂಕುಗಳಲ್ಲಿ ತೈಲಕ್ಕಾಗಿ ಲೇಸರ್ ಸಮೀಕ್ಷೆ ನಡೆಸಲು ಭೂವೈಜ್ಞಾನಿಕ ಆಧಾರವಿಲ್ಲ. ವಿಮಾನ ಹಾರಿಸುವ ಹಣವಿದ್ದರೆ ಅದು ಮೊದಲು ಕೆರೆಗಳಿಗೆ ಸಲ್ಲಬೇಕು.