ಬಾಸೆಲ್ಲಿನ ಉಪಾಧ್ಯಾಯರು

ಬೋರ್ ಕಂಡ ಪರಮಾಣುವನ್ನು ವರ್ಷಗಟ್ಟಲೆ ಬೋಧಿಸಿದೆ. ಅವನಿಗೆ ದಾರಿ ತೋರಿದ ಶಾಲಾ ಉಪಾಧ್ಯಾಯರ ಹೆಸರನ್ನು ನಿಮಗೆ ಹೇಳಲೇ ಇಲ್ಲ. ಪಠ್ಯದಲ್ಲಿರಲಿಲ್ಲವೆಂಬುದು ನೆಪವಷ್ಟೆ.

ಯೋಹಾನ್ ಬಾಲ್ಮರ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಹೊಳೆಯುವ ಜಲಜನಕದ ಬೆಳಕನ್ನು ಗಾಜಿನ ಅಶ್ರಗದಲ್ಲಿ ಹಾಯಿಸಿದರೆ ಕಾಮನಬಿಲ್ಲು ಮೂಡದು. ಬಿಡಿಬಿಡಿ ಗೆರೆಗಳಷ್ಟೇ ಕಾಣುತ್ತವೆ. ಸ್ವೀಡನ್ನಿನ ಆಂಗ್‌ಸ್ಟ್ರಾಮ್ ಅಳೆದಿಟ್ಟಿದ್ದ ಅಂಥ ನಾಲ್ಕು ಗೆರೆಗಳ ತರಂಗದೂರಗಳನ್ನು ಬಾಲ್ಮರ್ 1885ರಲ್ಲಿ, ತಮ್ಮ ಅರುವತ್ತನೆಯ ವಯಸ್ಸಿನಲ್ಲಿ, ಒಂದೇ ಸೂತ್ರಕ್ಕೆ ತಂದರು. 3ರ ವರ್ಗ 9. ಅದರಿಂದ 4 ಕಳೆದರೆ 5. ಒಂಬತ್ತನ್ನು ಐದರಿಂದ ಭಾಗಿಸಿ 3645.6ರಿಂದ ಗುಣಿಸಿ: 6562 ಆಂಗ್‌ಸ್ಟ್ರಾಮ್, ಕೆಂಪು ಗೆರೆ! 4, 5, 6 ಹಾಕಿದರೆ ಉಳಿದ ಮೂರು.

ಏಕೆ ಹೀಗೆಂದು ಅವರಿಗೆ ತಿಳಿದಿರಲಿಲ್ಲ. ಎಲೆಕ್ಟ್ರಾನೇ ಇನ್ನೂ ಪತ್ತೆಯಾಗಿರಲಿಲ್ಲ. 1913ರಲ್ಲಿ ಆ ಸೂತ್ರವನ್ನು ಕಂಡ ಬೋರ್, ಎಲೆಕ್ಟ್ರಾನು ಮೇಲಿನ ಕಕ್ಷೆಗಳಿಂದ ಎರಡನೆಯದಕ್ಕೆ ಇಳಿಯುವಾಗ ಹೊಮ್ಮುವ ಬೆಳಕೇ ಅದೆಂದು ವಿವರಿಸಿದ. ಉಪಾಧ್ಯಾಯರು 1898ರಲ್ಲೇ ತೀರಿಕೊಂಡಿದ್ದರು.